ಆರು ಮಾವಿನ ಪೆಟ್ಟಿಗೆ, ಒಂದು ಹಿಡಿ ಗಾಲಿಯ ಮಣ್ಣು

ಧಾರವಾಡದಿಂದ ಹೆಬ್ಬಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ನಮಗೆ ಐದು ಗುಂಟೆ ಜಾಗವಿದೆ. ಊರಿನ ಪಡುವಣಕ್ಕೆ ಮಸಾರಿ ಎಂಬ ಕೆಂಪು ಮಣ್ಣು, ಮೂಡಣಕ್ಕೆ ಎರೆ ಎಂಬ ಕಪ್ಪು ಮಣ್ಣು. ನಮ್ಮ ಪಾಲಿಗೆ ಬಂದದ್ದು ಎರೆ. ಹೋದ ವರ್ಷದ ಬೇಸಿಗೆಯವರೆಗೂ ಅಲ್ಲಿ ಕರಿಕೆ, ಉತ್ತರಾಣಿ, ಮೂಲೆಯಲ್ಲಿ ಎರಡು ಬಳ್ಳಾರಿ ಜಾಲಿ, ಇಷ್ಟೇ ಇದ್ದವು. ಸಣ್ಣದೊಂದು ಶೆಡ್ಡು ಹಾಕುವ ಆಸೆಗೆ ಜೆಸಿಬಿ ತರಿಸಿ ನೆಲ ಕೆರೆಸಿದೆ, ತಗ್ಗು ತುಂಬಲು ನಾಲ್ಕು ಟ್ರಾಲಿ ಗರಸು, ಅಂದರೆ ಹರಳು ಮಣ್ಣು, ಹಾಕಿಸಿದೆ. ದುಡ್ಡು ಅಲ್ಲಿಗೇ ಮುಗಿಯಿತು; ಶೆಡ್ಡು ಕಾಗದದ ಮೇಲೆಯೇ ಉಳಿಯಿತು. ಗಣಪತಿ ಹಬ್ಬದ ಹೊತ್ತಿಗೆ ಹೋಗಿ ನೋಡಿದರೆ ಎದೆಯೆತ್ತರಕ್ಕೆ ಕಾಂಗ್ರೆಸ್ ಹುಲ್ಲು. ಕಾಲಿಡಲು ಜಾಗವಿಲ್ಲ.

“ಗಾಳಿಗೆ ಬಂದಿರಬೇಕು” ಎಂದೆ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ಕುಳಿತಿದ್ದರು. “ಗಾಳಿಗೆ ನಿನ್ನ ಬೇಲಿ ಮಾತ್ರ ಗೊತ್ತೇನು ತಮ್ಮಾ? ನನ್ನ ಹೊಲ ದಾಟಿಯೇ ಅಲ್ಲವೇ ಅದು ನಿನ್ನ ಕಡೆಗೆ ಬರಬೇಕಾದದ್ದು?”

ಅವರ ಹೊಲದಲ್ಲಿ ಹೆಸರು ಕಿತ್ತಾಗಿತ್ತು, ಹಿಂಗಾರಿಗೆ ನೆಲ ಹದವಾಗಿತ್ತು. ಅಂಚಿನಲ್ಲಿ ನಾಲ್ಕೈದು ಗಿಡ ಬಿಟ್ಟರೆ ಕಾಂಗ್ರೆಸ್ ಹುಲ್ಲು ಕಾಣಲಿಲ್ಲ. ಹುಬ್ಬಳ್ಳಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಬಂದರೆ ಮೊದಲು ಬಿಚ್ಚುತ್ತೇನೆ, ಆಮೇಲೆ ಮಾತು. ಇದನ್ನೂ ಬಿಚ್ಚಿ ನೋಡಬೇಕೆನಿಸಿತು.

ದಾರಿ ತೋರಿಸಿದವಳು ಬಿಎಸ್ಸಿ ಓದುತ್ತಿರುವ ಮಗಳು. ಚಾರ್ಲ್ಸ್ ಡಾರ್ವಿನ್ ಒಂದು ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು ಕೋಣೆಯಲ್ಲಿ ಮುಚ್ಚಿಟ್ಟು, ಹುಟ್ಟಿದ ಒಂದೊಂದೇ ಸಸಿ ಕಿತ್ತು ಎಣಿಸಿದ್ದರಂತೆ. ಒಣಗಿದಾಗ ಆ ಕೆಸರಿನ ತೂಕ ಸುಮಾರು 190 ಗ್ರಾಂ. ಆರು ತಿಂಗಳಲ್ಲಿ ಹುಟ್ಟಿದ ಸಸಿ 537. “ಅಪ್ಪಾ, ಟ್ರ್ಯಾಕ್ಟರಿನ ಗಾಲಿಗೆ ಅಂಟುವ ಮಣ್ಣು ಮೂರು ಚಮಚವಲ್ಲ, ಬುಟ್ಟಿಗಟ್ಟಲೆ” ಎಂದಳು. ಎರೆ ನೆಲದಲ್ಲಿ ಮಳೆಗಾಲ ಕಳೆದವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಚಪ್ಪಲಿಯೇ ಎರಡು ಸೇರು ತೂಗುತ್ತದೆ.

ಜೂನ್, ಮೊದಲ ಸಲ

ಆಪೂಸು ಹಂಗಾಮು ಮುಗಿದಿತ್ತು. ಹಣ್ಣಿನ ಅಂಗಡಿಯಿಂದ ಆರು ಕಟ್ಟಿಗೆಯ ಪೆಟ್ಟಿಗೆ ತಂದೆ. ತಳಕ್ಕೆ ಗೋಣಿತಾಟು ಹಾಸಿ, ಹಿತ್ತಲಿನ ಎರೆ ಮಣ್ಣನ್ನೇ ತುಂಬಿ, ಮೇಲೆ ಒಂದೊಂದು ಪೆಟ್ಟಿಗೆಗೆ ಒಂದೊಂದು ಕಡೆಯ ಮಣ್ಣು ಹರಡಿದೆ. ಆರನೆಯದರಲ್ಲಿ ಏನೂ ಹರಡಲಿಲ್ಲ. ಉಳಿದವನ್ನು ತಾಳೆ ನೋಡಲು ಅದು ಬೇಕು. ನಳದ ನೀರು ಚಿಮುಕಿಸಿ ಕಟ್ಟೆಯ ಮೇಲೆ ಇಟ್ಟೆ.

ಮೂರೂ ಕಡೆಯಿಂದ ಕೆಟ್ಟಿತು. ಎರೆ ಮಣ್ಣು ನೀರು ಕುಡಿದು ಉಬ್ಬಿತು, ಎರಡು ದಿನ ಬಿಸಿಲು ಬಿದ್ದೊಡನೆ ಬಿರುಕು ಬಿಟ್ಟಿತು, ಮೇಲೆ ಹರಡಿದ್ದೆಲ್ಲ ಬಿರುಕಿನೊಳಗೆ ಇಳಿಯಿತು. ಕಾಂಗ್ರೆಸ್ ಹುಲ್ಲಿನ ಬೀಜದ ಉದ್ದ ಸುಮಾರು 2 ಮಿ.ಮೀ.; ಆಳಕ್ಕೆ ಬಿದ್ದರೆ ಅದು ಮೇಲೇಳುವುದಿಲ್ಲ, ಸಾಯುವುದೂ ಇಲ್ಲ, ವರ್ಷಗಟ್ಟಲೆ ಕಾಯುತ್ತದೆ. ಎರಡನೆಯದಾಗಿ, ಖಾಲಿ ಇರಬೇಕಾದ ಆರನೆಯ ಪೆಟ್ಟಿಗೆಯಲ್ಲೇ ಐದು ಸಸಿ ಎದ್ದವು. ಹಿತ್ತಲಿನ ಮಣ್ಣಿನಲ್ಲಿ ಮೊದಲೇ ಬೀಜವಿತ್ತೋ, ಗೋಡೆ ದಾಟಿ ಬಂತೋ, ಹೇಳುವ ಬಗೆ ಇರಲಿಲ್ಲ. ಮೂರನೆಯದು ಅಳಿಲು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಆ ಮಣ್ಣನ್ನೆಲ್ಲ ಪೆಟ್ಟಿಗೆಯಿಂದ ಸುರುವಿದೆ. ಓಣಿಯ ಹುಡುಗರು ಬಂದು ಎತ್ತು ಮಾಡಲು ಒಯ್ದರು. ಅಷ್ಟಾದರೂ ಉಪಯೋಗವಾಯಿತು.

ಜುಲೈ, ಎರಡನೆಯ ಸಲ

ಈ ಬಾರಿ ಮೂರು ಪಾಲು ಉಸುಕು, ಒಂದು ಪಾಲು ಮಸಾರಿ. ಉಸುಕು ಬಿರಿಯುವುದಿಲ್ಲ, ನೀರು ಹಿಡಿದು ನಿಲ್ಲಿಸುವುದೂ ಇಲ್ಲ. ಆದರೆ ಹೊಳೆಯ ಉಸುಕಿನಲ್ಲೂ ಬೀಜವಿರುತ್ತದೆ, ಆದ್ದರಿಂದ ಬೇಯಿಸಬೇಕು. ಸ್ನಾನದ ಹಳೆಯ ಹಂಡೆಯ ತಳದಲ್ಲಿ ನಾಲ್ಕು ಇಟ್ಟಿಗೆ ತುಂಡು, ಅವು ಮುಳುಗುವಷ್ಟು ನೀರು, ಮೇಲೆ ತೂತಿನ ತಗಡು, ತಗಡಿನ ಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಮಣ್ಣು. ನಡುವೆ ಒಂದು ಬಟಾಟೆ ಹುಗಿದೆ. ಬಟಾಟೆ ಬೆಂದರೆ ಮಣ್ಣೂ ಬೆಂದಿದೆ ಎಂದು ಲೆಕ್ಕ, ಥರ್ಮಾಮೀಟರ್ ಬೇಕಿಲ್ಲ. ಒಂದು ಸರತಿಗೆ ಮುಕ್ಕಾಲು ಗಂಟೆ ಹಿಡಿಯಿತು, ಒಟ್ಟು ಐದು ಸರತಿ. “ಹಂಡೆಯಲ್ಲಿ ಮಣ್ಣು ಬೇಯಿಸುವವನನ್ನು ಹೆತ್ತೆನಲ್ಲ” ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಹೇಳಿದಳು. ಬಟಾಟೆ ಮಾತ್ರ ರುಚಿಯಾಗಿತ್ತು.

ಮುಚ್ಚಳಕ್ಕೆ ಅರ್ಧ ಇಂಚಿನ ಪಿವಿಸಿ ಪೈಪಿನ ಚೌಕಟ್ಟು ಮಾಡಿದೆ. ಅದಕ್ಕೆ ಸೊಳ್ಳೆ ಪರದೆ ಎಳೆದು, ಅಂಚನ್ನು ಮೋಟಾರು ಸುತ್ತುವ ಹತ್ತಿ ಟೇಪಿನಿಂದ ಬಿಗಿದೆ. ಬೆಳಕು ಬರಬೇಕು, ಬೀಜ ಬರಬಾರದು. ಅಳಿಲಿಗೂ ಅಲ್ಲಿಗೆ ತೆರೆ ಬಿತ್ತು.

ತಲೆ ಕೆಡಿಸಿದ್ದು ನೀರು. ಮೇಲಿನಿಂದ ಸುರಿದರೆ ಸಣ್ಣ ಬೀಜಗಳು ಒಂದು ಮೂಲೆಗೆ ಹರಿದು ಗುಂಪಾಗುತ್ತವೆ. ಅದಕ್ಕೆ ಕೆಳಗಿನಿಂದ ಕುಡಿಸುವ ಏರ್ಪಾಡು: ಪೆಟ್ಟಿಗೆಯ ಕೆಳಗೆ ನೀರಿನ ತಟ್ಟೆ, ಅಲ್ಲಿಂದ ಮಣ್ಣಿನೊಳಕ್ಕೆ ಬತ್ತಿ. ದೇವರ ಮನೆಯ ಹೂಬತ್ತಿ ಪ್ರಯತ್ನಿಸಿದೆ, ನಾಲ್ಕನೆಯ ದಿನಕ್ಕೆ ಕೊಳೆಯಿತು. ಹಳೆಯ ಇಳಕಲ್ ಸೀರೆಯ ಹತ್ತಿ ಒಡಲಿನ ಪಟ್ಟಿಗಳನ್ನು ಜಡೆಯಂತೆ ಹೆಣೆದು ಹಾಕಿದ ಮೇಲೆ ಸರಿಹೋಯಿತು. ಹೆರಳಿನಷ್ಟು ದಪ್ಪದ ನಾಲ್ಕು ಬತ್ತಿ ಇದ್ದರೆ ಒಂದು ಪೆಟ್ಟಿಗೆ ತೇವವಾಗಿಯೇ ಇರುತ್ತದೆ, ನಳಕ್ಕೆ ನೀರು ಬರುವ ದಿನ ತಟ್ಟೆ ತುಂಬಿಸಿದರೆ ಸಾಕು. ತಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ, ಅದನ್ನೂ ಮಾಡಿದೆ.

ಇನ್ನು ಪೆಟ್ಟಿಗೆಗೆ ಹಾಕಿದ್ದು. ಹಾದಿಗೆಂದು ಮತ್ತೊಂದು ಟ್ರಾಲಿ ಗರಸು ಹೇಳಿದ್ದೆ, ಹೋದ ವರ್ಷದ ಅದೇ ಗುಂಡಿಯಿಂದ. ಟ್ರಾಲಿ ಬಂದು ನಿಂತಾಗ ಗಾಲಿಯ ಹಲ್ಲುಗಳಿಂದ ಮಣ್ಣು ಕೆರೆದುಕೊಂಡೆ. ಚಾಲಕ ಹುಡುಗ ಕೆಳಗಿಳಿದು ಬಂದು ನೋಡಿದ. “ಮಾಮಾ, ಗರಸು ಆ ಕಡೆ ಇದೆ, ಇದು ಬರೀ ಕೆಸರು” ಎಂದ. ಇದೇ ಬೇಕಪ್ಪಾ ಎಂದೆ. ಹೀಗೆ ಒಂದನೆಯ ಪೆಟ್ಟಿಗೆಗೆ ಗಾಲಿಯ ಮಣ್ಣು, ಎರಡನೆಯದಕ್ಕೆ ಗರಸು, ಮೂರನೆಯದಕ್ಕೆ ಆ ಹಾದಿಯಲ್ಲಿ ಮೇಯುವ ಆಡುಗಳ ಹಿಕ್ಕೆ, ನಾಲ್ಕನೆಯದಕ್ಕೆ ತಿಪ್ಪೆ ಗೊಬ್ಬರ, ಐದನೆಯದಕ್ಕೆ ನನ್ನ ಚಪ್ಪಲಿ ಮತ್ತು ಬೈಕಿನ ಮಡ್‌ಗಾರ್ಡಿನ ಮಣ್ಣು. ಆರನೆಯದು ಖಾಲಿ. ಎಲ್ಲವೂ ಅರ್ಧ ಕಿಲೋ, ಒಣಗಿಸಿ ತೂಗಿದ್ದು. ಐದನೆಯದು ಮಾತ್ರ ಅಷ್ಟು ಸಿಗಲಿಲ್ಲ. ಹರಡಿದ್ದು ಬೆರಳಿನ ಅರ್ಧ ದಪ್ಪವೂ ಇಲ್ಲ. ಮೊದಲ ಸಲದ ಪಾಠ ಅದು.

ಎದ್ದದ್ದು

ಎಂಟನೆಯ ದಿನ ಒಂದನೆಯ ಪೆಟ್ಟಿಗೆಯಲ್ಲಿ ಮೊದಲ ಹಸಿರು. ಕಾಂಗ್ರೆಸ್ ಹುಲ್ಲಿನ ಎಳೆಯ ಸಸಿ ನೆಲಕ್ಕೆ ಒತ್ತಿಕೊಂಡು ಚಕ್ರದಂತೆ ಹರಡುತ್ತದೆ, ಮೂರನೆಯ ಜೋಡಿ ಎಲೆ ಬಂದ ಮೇಲೆ ಗುರುತು ತಪ್ಪುವುದಿಲ್ಲ. ನಲವತ್ತು ದಿನಕ್ಕೆ ನನ್ನ ನೋಟುಬುಕ್ಕಿನಲ್ಲಿ ಹೀಗಿದೆ: ಗಾಲಿಯ ಮಣ್ಣಿನಿಂದ 31 ಸಸಿ, ಅದರಲ್ಲಿ 19 ಕಾಂಗ್ರೆಸ್ ಹುಲ್ಲು. ಗರಸಿನಿಂದ 26, ಅದರಲ್ಲಿ 22. ಚಪ್ಪಲಿಯಿಂದ 7, ಅದರಲ್ಲಿ 3. ತಿಪ್ಪೆಯಲ್ಲಿ ರಾಜಗಿರಿ ಎಷ್ಟು ಎದ್ದಿತೆಂದರೆ ಎಣಿಸುವುದನ್ನು ಬಿಟ್ಟೆ. ಆರನೆಯದು ಸೊನ್ನೆ.

ಸೊನ್ನೆ ನೋಡಿ ಆದ ಖುಷಿ ಉಳಿದ ಯಾವ ಅಂಕಿಗೂ ಆಗಲಿಲ್ಲ. ಪರದೆಯ ಒಳಗೆ ಗಾಳಿಗೆ ಏನೂ ಬಂದಿಲ್ಲ, ಬೆಂದ ಮಣ್ಣಿನಲ್ಲಿ ಏನೂ ಉಳಿದಿಲ್ಲ. ಅಂದರೆ ಎದ್ದದ್ದೆಲ್ಲ ನಾನೇ ತಂದು ಹಾಕಿದ್ದು.

ಗರಸಿನ ಗುಂಡಿಗೂ ಹೋಗಿಬಂದೆ. ಸುತ್ತಲೂ ಅದೇ ಹುಲ್ಲು. ಟ್ರಾಲಿ ಅದರ ನಡುವೆಯೇ ನಿಂತು ತುಂಬಿಕೊಳ್ಳುತ್ತದೆ, ಮೇಲ್ಪದರ ಕೆರೆದದ್ದೇ ಮೊದಲು ಟ್ರಾಲಿಗೆ ಬೀಳುತ್ತದೆ. ಈ ಗಿಡದ ಒಂದೊಂದು ಪುಟ್ಟ ಹೂಗೊಂಚಲಿನಲ್ಲಿ ಬೀಜ ಕಟ್ಟುವ ಹೂಗಳು ಐದೇ. ಆದರೆ ಚೆನ್ನಾಗಿ ಬೆಳೆದ ಒಂದು ಗಿಡ 15,000ದಿಂದ 25,000 ಬೀಜ ಉದುರಿಸುತ್ತದೆ. ಹೋದ ವರ್ಷ ನಾಲ್ಕು ಟ್ರಾಲಿ ಗರಸಿಗೆ ಕೊಟ್ಟ ದುಡ್ಡಿನಲ್ಲಿ ಬೀಜದ ದುಡ್ಡೂ ಸೇರಿತ್ತು.

ಬೀಜ ಬಂದರೆ ಸಾಲದು, ನೆಲವೂ ಬೇಕು. ಉಳಿದ ಗರಸಿನಿಂದ ಎರಡು ಹಿಡಿ ಒಯ್ದು, ಒಂದನ್ನು ಹಿತ್ತಲಿನ ದಟ್ಟ ಕರಿಕೆಯ ಮೇಲೆ, ಇನ್ನೊಂದನ್ನು ಅದರ ಪಕ್ಕದಲ್ಲೇ ಸಲಿಕೆಯಿಂದ ಕೆರೆದ ಮಾರುದ್ದ ನೆಲದ ಮೇಲೆ ಎರಚಿದೆ. ಕರಿಕೆಯಲ್ಲಿ ಒಂದು ಎದ್ದಿತು, ಸೊರಗಿತು. ಕೆರೆದಲ್ಲಿ ಒಂಬತ್ತು ಎದ್ದವು, ಒಂಬತ್ತೂ ನಿಂತವು. ಕಾಕಾನ ಹೊಲದಲ್ಲಿ ಒತ್ತಾಗಿ ಹೆಸರು, ಮೇಲೆ ಕುಂಟೆಯ ಹೊಡೆತ. ನನ್ನಲ್ಲಿ ಜೆಸಿಬಿ ಕೆರೆದ ಬೋಳು ನೆಲ, ಮೇಲೆ ನಾಲ್ಕು ಟ್ರಾಲಿ ಬೀಜ. ಬದುವಿನ ಮೇಲೆ ಕುಳಿತು ಅವರು ಕೇಳಿದ್ದಕ್ಕೆ ಉತ್ತರ ಇಷ್ಟೇ ಆಗಿತ್ತು.

ಆಡಿನ ಹಿಕ್ಕೆಯ ಪೆಟ್ಟಿಗೆ ಬೇರೆ ಕಥೆ ಹೇಳಿತು. ಆರು ಸಸಿ, ನಾಲ್ಕು ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಈ ಮರ ಅಮೆರಿಕ ಖಂಡದ್ದು. 1877ರಲ್ಲಿ ಇಂಗ್ಲಿಷರು ಮದ್ರಾಸ್ ಪ್ರಾಂತ್ಯದ ಒಣ ಸೀಮೆಗೆ ತರಿಸಿದ್ದು. ಇದರ ಎಲೆಯನ್ನು ಆಡು ಮುಟ್ಟುವುದಿಲ್ಲ, ಸಿಹಿ ಕಾಯಿಯನ್ನು ಬಿಡುವುದಿಲ್ಲ. ಗಿಡಕ್ಕೆ ಇದಕ್ಕಿಂತ ಒಳ್ಳೆಯ ಒಪ್ಪಂದ ಬೇಕೇ? ಕಾಯಿಯಿಂದ ನೇರವಾಗಿ ಬಿಡಿಸಿದ ಹತ್ತು ಬೀಜ ಬಿತ್ತಿ ನೋಡಿದೆ: ಮೂರು ವಾರಕ್ಕೆ ಒಂದು. ಇನ್ನು ಹತ್ತನ್ನು ಉಜ್ಜುಕಾಗದದ ಮೇಲೆ ತಿಕ್ಕಿ, ಹೊಳಪು ಹೋಗುವಷ್ಟು ಸವೆಸಿ ಬಿತ್ತಿದೆ: ವಾರದೊಳಗೆ ಎಂಟು. ಸಿಪ್ಪೆ ಅಷ್ಟು ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ. ಉಜ್ಜುಕಾಗದದ ಕೆಲಸವನ್ನು ಆಡಿನ ಹೊಟ್ಟೆ ಪುಕ್ಕಟೆ ಮಾಡಿಕೊಡುತ್ತದೆ, ಮೇಲೆ ಒಂದಿಷ್ಟು ಗೊಬ್ಬರ ಸೇರಿಸಿ ಎರಡು ಮೈಲಿ ಆಚೆ ಇಳಿಸುತ್ತದೆ.

ಒಂದು ಸಂಜೆ ಮಗಳು ತಟ್ಟೆಯಲ್ಲಿ ಮೆಣಸಿನಕಾಯಿ, ಶೇಂಗಾ, ಗೋವಿನಜೋಳದ ತೆನೆ, ನವಲೂರಿನ ಪೇರಲ ಹಣ್ಣು ಇಟ್ಟುಕೊಂಡು ಬಂದು ಕೇಳಿದಳು: “ಇವೂ ಅಮೆರಿಕದವೇ. ಇವು ಯಾಕೆ ರಸ್ತೆಗೆ ಬೀಳಲಿಲ್ಲ?” ಬ್ಯಾಡಗಿಯ ಹೆಸರೇ ಮೆಣಸಿನಕಾಯಿಯಾಗಿ ಹೋಗಿದೆ, ಆದರೆ ಹಾವೇರಿಯ ಹಳ್ಳದ ದಂಡೆಗಳಲ್ಲಿ ಅದು ತಾನಾಗಿ ಬೆಳೆದು ನಿಂತಿಲ್ಲ. ಗೋವಿನಜೋಳದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅರ್ಥವಾಗುತ್ತದೆ: ಕಾಳು ತಾನಾಗಿ ಉದುರುವುದಿಲ್ಲ, ರವದಿಯೊಳಗೆ ಬಿಗಿದುಕೊಂಡು ಕುಳಿತಿದೆ, ಬಿಡಿಸುವ ಕೈ ಬೇಕು. ಶೇಂಗಾ ತನ್ನ ಕಾಯನ್ನು ತನ್ನ ಬುಡದಲ್ಲೇ ಹುಗಿದುಕೊಳ್ಳುತ್ತದೆ, ದೂರ ಹೋಗುವ ಆಸೆಯೇ ಅದಕ್ಕಿಲ್ಲ. ಕಾಂಗ್ರೆಸ್ ಹುಲ್ಲಿಗೆ ನಮ್ಮ ಕೈ ಬೇಡ, ಗಾಲಿ ಸಾಕು. ಪೇರಲದ ವಿಷಯದಲ್ಲಿ ಮಾತ್ರ ನಾನು ತಡವರಿಸಿದೆ. ಗಲಾಪಗೋಸ್ ದ್ವೀಪಗಳಲ್ಲಿ ಅದೇ ಪೇರಲ ಕಾಡು ನುಂಗುವ ಕಳೆಯಾಗಿದೆ. ಧಾರವಾಡದಲ್ಲಿ ಅದು ತೋಟದ ಬೇಲಿಯೊಳಗೆ ಮರ್ಯಾದೆಯಿಂದ ಇದೆ. ಗಿಡ ಒಂದೇ, ಹೋಗಿ ಸೇರಿದ ನೆಲ, ಅಲ್ಲಿ ಸಿಕ್ಕ ನೆರೆಹೊರೆ ಬೇರೆ.

ಕಾಂಗ್ರೆಸ್ ಹುಲ್ಲಿನ ಬಗ್ಗೆ ನಮ್ಮಲ್ಲಿ ಎಲ್ಲರೂ ಹೇಳುವ ಕಥೆ ಒಂದೇ: ಅಮೆರಿಕದ ಪಿಎಲ್ 480 ಎಂಬ ಆಹಾರ ನೆರವಿನ ಗೋದಿಯ ಜೊತೆ ಬಂತು, 1955ರಲ್ಲಿ ಪುಣೆಯಲ್ಲಿ ಕಂಡಿತು. ನಾನೂ ಅದನ್ನೇ ನಂಬಿದ್ದೆ. ಆದರೆ ಈ ಗಿಡ ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದಷ್ಟು ಹಿಂದೆಯೇ ಇದ್ದ ದಾಖಲೆಗಳಿವೆ. ಅಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚು ಜನರ ಕಣ್ಣಿಗೆ ಬೀಳದೆ ಇತ್ತು. ಇಂಥ ಮೌನ ವಿಚಿತ್ರವಲ್ಲ. ಜರ್ಮನಿಯ ಬ್ರಾಂಡೆನ್‌ಬರ್ಗ್ ಸೀಮೆಗೆ ಹೊರಗಿನಿಂದ ತಂದ ಮರ ಮತ್ತು ಪೊದೆಗಳ ಲೆಕ್ಕ ತೆಗೆದ ಪರಿಸರ ವಿಜ್ಞಾನಿ ಇಂಗೊ ಕೊವಾರಿಕ್ ಅವರಿಗೆ, ಊರಿಗೆ ಬಂದದ್ದಕ್ಕೂ ತಾನಾಗಿ ಹಬ್ಬತೊಡಗಿದ್ದಕ್ಕೂ ನಡುವೆ ಸರಾಸರಿ 147 ವರ್ಷ ಕಂಡವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ನಮ್ಮ ಇದೇ ಹುಲ್ಲು ಎರಡು ಸಲ ಹೋಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಯಂತ್ರಭಾಗಗಳ ಜೊತೆ ಬಂದದ್ದು ಹೆಚ್ಚೇನೂ ಹಬ್ಬಲಿಲ್ಲ. 1960ರ ಸುಮಾರಿಗೆ ಟೆಕ್ಸಾಸಿನ ಮೇವಿನ ಬೀಜದ ಜೊತೆ ಕ್ಲರ್ಮಾಂಟ್ ಎಂಬಲ್ಲಿಗೆ ಬಂದದ್ದು ನಾಡನ್ನೇ ಆವರಿಸಿತು. ಯಾವುದೋ ಒಂದು ಬೀಜ ಬಂದು ಬಿದ್ದುದರಿಂದ ಕೆಲಸ ಕೆಡುವುದಿಲ್ಲ. ಮತ್ತೆ ಮತ್ತೆ, ರಾಶಿ ರಾಶಿಯಾಗಿ, ಬೋಳು ನೆಲದ ಮೇಲೆ ಬೀಳಬೇಕು. ನನ್ನ ನಾಲ್ಕು ಟ್ರಾಲಿಯಂತೆ.

ಆಗಸ್ಟ್, ಒಂದು ಅಡ್ಡಿ

ಎಣಿಸಿ ಮುಗಿದ ಸಸಿಗಳಲ್ಲಿ ಹತ್ತನ್ನು ಕುಂಡಕ್ಕೆ ನೆಟ್ಟು ಪರದೆಯ ಹೊರಗೆ ಇಟ್ಟಿದ್ದೆ, ಎಷ್ಟು ದಿನಕ್ಕೆ ಹೂಬಿಡುತ್ತದೆ ನೋಡೋಣವೆಂದು. ಒಂದು ಬೆಳಗ್ಗೆ ನೋಡಿದರೆ ಬರೀ ಕಡ್ಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿಗಳು ಕುಳಿತಿದ್ದವು. ಬೈಯಲು ಹೋದವನು ಸುಮ್ಮನಾದೆ. ಇವು ಮೆಕ್ಸಿಕೋದ ದುಂಬಿ. ತವರಿನಲ್ಲಿ ಈ ಹುಲ್ಲನ್ನು ತಿನ್ನುವ ಹುಳುಗಳು ಬೇಕಾದಷ್ಟಿವೆ. ಇಲ್ಲಿಗೆ ಬೀಜ ಬಂದಾಗ ಅವು ಜೊತೆಗೆ ಬರಲಿಲ್ಲ. ಆ ಕೊರತೆ ತುಂಬಲೆಂದೇ ಇದನ್ನು 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, ಮರುವರ್ಷ ಹೊರಗೆ ಬಿಟ್ಟರು. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿ ಮಳೆಗೆ ಏಳುತ್ತದೆ. ಆದರೆ ಅದು ಎದ್ದು ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತಿಗೆ ಮೊದಲ ಮಳೆಯ ಗಿಡಗಳು ಬೀಜ ಉದುರಿಸಿ ಮುಗಿಸಿರುತ್ತವೆ. ನನ್ನ ಕುಂಡಗಳ ಮಟ್ಟಿಗೆ ಮಾತ್ರ ಸಮಯಕ್ಕೆ ಸರಿಯಾಗಿ ಬಂತು.

ಜಾಗದ ದುರಸ್ತಿ

ಪೆಟ್ಟಿಗೆ ಹೇಳಿದ್ದನ್ನು ಜಾಗದಲ್ಲಿ ಮಾಡಿದೆ. ಮಳೆ ಬಿದ್ದ ಮರುದಿನ, ಹೂವಿಗೆ ಮೊದಲು, ಬೇರುಸಹಿತ ಕಿತ್ತೆವು. ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ಹೋದ ವರ್ಷ ಬರಿಗೈಯಲ್ಲಿ ಕಿತ್ತು ಮೊಣಕೈವರೆಗೆ ತುರಿಕೆ ಎದ್ದು ಹದಿನೈದು ದಿನ ಅಂಗಡಿಯಲ್ಲಿ ತಂತಿ ಹಿಡಿಯಲಾಗಿರಲಿಲ್ಲ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ಬುಡದ ಸುತ್ತ ಒಂದಡಿ ಆಳ ಅಗೆದು, ಚಿಗುರುವ ಗಂಟಿನ ಕೆಳಗೆ ಬೇರನ್ನೇ ಕತ್ತರಿಸಬೇಕು. ಎರಡು ಬುಡಕ್ಕೆ ಒಂದು ಇಡೀ ಭಾನುವಾರ, ಒಂದು ಗುದ್ದಲಿಯ ಹಿಡಿಕೆ ಹೋದವು.

ನೆಲವನ್ನು ಬೋಳಾಗಿ ಬಿಡಬಾರದೆಂದು ಹುರುಳಿ ಚೆಲ್ಲಿದೆ, ಬೀಜ ವಾಡಿಕೆಗಿಂತ ಎರಡುಪಟ್ಟು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭತ್ತದ ವಿಜ್ಞಾನಿ ಡಾ. ಎಂ. ಮಹದೇವಪ್ಪ ಅವರು ಈ ಕಳೆಯ ಬೆನ್ನು ಹತ್ತಿದವರು. ಚಗಚೆಯ ಕುಲದ ಒಂದು ಕ್ಯಾಸಿಯಾ ಗಿಡವನ್ನು ಇದರ ಎದುರಿಗೆ ನಿಲ್ಲಿಸಬಹುದು ಎಂದವರು. ಆ ಗಿಡ ಒತ್ತಾಗಿ ಎದ್ದು ಹುಲ್ಲನ್ನು ಅದುಮುತ್ತದೆ, ನಿಜ. ಆದರೆ ಅದೂ ಅಮೆರಿಕದಿಂದಲೇ ಬಂದದ್ದು. ಒಬ್ಬ ಬಾಡಿಗೆದಾರನನ್ನು ಬಿಡಿಸಲು ಇನ್ನೊಬ್ಬನನ್ನು ಕೂರಿಸಿದಂತೆ ಆದೀತೆಂದು ನಾನು ಹುರುಳಿಯಲ್ಲೇ ನಿಂತೆ. ಬೆಳೆ ಬಾರದಿದ್ದರೆ ಎತ್ತಿಗಾದರೂ ಆಗುತ್ತದೆ. ಮೂರು ವಾರಕ್ಕೆ ನೆಲ ಮುಚ್ಚಿತು. ನಡುವೆ ತಲೆ ಎತ್ತಿದ ಕಾಂಗ್ರೆಸ್ ಹುಲ್ಲು ಎರಡು ಸಲಕ್ಕೆ ಒಂದು ಬುಟ್ಟಿ, ಅಷ್ಟೇ.

ಕೊನೆಯದು ಗಾಲಿ. ಕ್ವೀನ್ಸ್‌ಲ್ಯಾಂಡಿನಲ್ಲಿ ವಾಹನ ತೊಳೆಯಲೆಂದೇ ರಸ್ತೆಬದಿಯಲ್ಲಿ ಕಟ್ಟೆ ಕಟ್ಟಿದ್ದಾರೆ, ಬೀಜ ಮುಂದಿನ ಊರಿಗೆ ಹೋಗಬಾರದೆಂದು. ನಾನು ಗೇಟಿನ ಬಳಿ ನಾಲ್ಕು ಶಹಾಬಾದ್ ಕಲ್ಲು ಹಾಸಿ, ಅರ್ಧ ಎಚ್‌ಪಿ ಪಂಪಿಗೆ ಪೈಪು ಜೋಡಿಸಿದೆ. ಪಂಪು ಅಂಗಡಿಯಲ್ಲಿ ಯಾರೋ ಬಿಟ್ಟುಹೋದದ್ದು, ನಾನೇ ಸುತ್ತಿದ್ದು. ಟ್ರ್ಯಾಕ್ಟರಿನ ಹುಡುಗ ಮೊದಲು ನಕ್ಕ, ಆಮೇಲೆ ತಾನೇ ಪೈಪು ಹಿಡಿದು ನಾಲ್ಕೂ ಗಾಲಿ ತೊಳೆದ. ಒಳಗೆ ಬಂದ ಗಾಲಿಗಳು ದೇವರ ಮುಂದೆ ಇಡುವಷ್ಟು ಸ್ವಚ್ಛವಾಗಿದ್ದವು.

ಮೊನ್ನೆ ಕಾಕಾ ಫೋನು ಮಾಡಿದ್ದರು. ಗಾಲಿ ತೊಳೆದ ನೀರು ಕಲ್ಲಿನ ಮೇಲಿನಿಂದ ಇಳಿದು, ಬೇಲಿಯ ಕೆಳಗೆ ಹಾದು, ಅವರ ಬದುವಿನ ಮೂಲೆಯಲ್ಲಿ ನಿಂತಿದೆ. ಅಲ್ಲಿ ಅಂಗೈಯಗಲದ ಚಕ್ರಗಳು ಎದ್ದಿವೆ, ಹದಿನಾಲ್ಕು ಎಣಿಸಿದರಂತೆ. “ಈ ಸಲ ಗಾಳಿಗೆ ಬಂದಿರಬೇಕು ತಮ್ಮಾ” ಎಂದರು. ಭಾನುವಾರ ಕೈಗವಸು ತೆಗೆದುಕೊಂಡು ಅವರ ಹೊಲಕ್ಕೆ ಹೋಗಬೇಕು, ಕಲ್ಲಿನ ಕೆಳಗೆ ಒಂದು ಇಂಗುಗುಂಡಿಯನ್ನೂ ತೋಡಬೇಕು.